ಲಾವಣಿ ಹೊಲದ ಬಿತ್ತನೆ

ಮಲಪ್ರಭಾ ನದಿ ಹುಟ್ಟುವುದು ಎಲ್ಲಿ? ಕಣಕುಂಬಿ, ತಲಕಾವೇರಿ, ಮಹಾಬಳೇಶ್ವರ, ಆಗುಂಬೆ. ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಇನ್ನೂ ಹೊದಿಕೆ ಸರಿಸದ ಹುಡುಗನ ಮೊಬೈಲಿಗೆ ಬೆಳಿಗ್ಗೆ ಆರಕ್ಕೇ ಈ ಪ್ರಶ್ನೆ ಬಂದು ಬೀಳುತ್ತದೆ. ಕಣಕುಂಬಿ ಒತ್ತಿದರೆ ಹಸಿರು, ಬೇರೆ ಯಾವುದು ಒತ್ತಿದರೂ ಕೆಂಪು. ಎಷ್ಟು ಜನ ಸರಿ ಹೇಳಿದರು, ಎಷ್ಟು ಜನ ತಪ್ಪಿದರು ಎಂಬ ಲೆಕ್ಕವೂ ಕೆಳಗೆ ಕಾಣುತ್ತದೆ. ಹುಡುಗ ನವಲಗುಂದ ತಾಲ್ಲೂಕಿನ ಮೊರಬದವನಿರಬಹುದು, ಪಕ್ಕದ ಹಾಸಿಗೆಯವನು ಕುಂದಗೋಳದ ಸಂಶಿಯವನು, ಬಾಗಿಲ ಬಳಿ ಮಲಗಿದವನು ಕಲಘಟಗಿ ಕಡೆಯ ಮಿಶ್ರಿಕೋಟಿಯವನು. ಪಿಡಿಒ, ಪಿಎಸ್‌ಐ, ಗ್ರಾಮ ಆಡಳಿತ ಅಧಿಕಾರಿ, ಟಿಇಟಿ ಎಂದು ವರ್ಷಗಟ್ಟಲೆ ಓದುವ ಈ ಮಕ್ಕಳ ಕೈಯಲ್ಲಿ ಪುಸ್ತಕಕ್ಕಿಂತ ಹೆಚ್ಚು ಹೊತ್ತು ಇರುವುದು ಟೆಲಿಗ್ರಾಂ.

ಪ್ರಶ್ನೆ ಕಳಿಸಿದ್ದು ಕೋಚಿಂಗ್ ಸೆಂಟರಿನ ಮಾಸ್ತರರಲ್ಲ. ಟೆಲಿಗ್ರಾಂ ಕಂಪನಿಯಂತೂ ಅಲ್ಲವೇ ಅಲ್ಲ. ದುಬೈನಲ್ಲಿ ಕೂತವರಿಗೆ ಕಣಕುಂಬಿಯ ಗೊಡವೆ ಯಾಕೆ? ಕಳಿಸಿದ್ದು ಒಂದು ಬಾಟ್, ಅಂದರೆ ತಾನಾಗಿ ಸಂದೇಶ ಕಳಿಸುವ ಪ್ರೋಗ್ರಾಮು. ಅದನ್ನು ಮಾಡಿಟ್ಟವನು ಕಂಪನಿಗೆ ಏನೂ ಆಗಬೇಕಾದವನಲ್ಲ, ಎಲ್ಲೋ ಇರುವ ಹೊರಗಿನವನು.

ಬಾಟ್ ಮಾಡುವುದು ಎಷ್ಟು ಸಲೀಸೆಂದು ಒಮ್ಮೆ ನೋಡಬೇಕು. ಟೆಲಿಗ್ರಾಂ ಒಳಗೇ ಬಾಟ್‌ಫಾದರ್ ಎಂಬ ಖಾತೆಯೊಂದಿದೆ. ಅದಕ್ಕೆ 'ನ್ಯೂಬಾಟ್' ಎಂಬ ಆಜ್ಞೆ ಕಳಿಸಿದರೆ, ನಿಮ್ಮ ಬಾಟ್‌ಗೆ ಏನು ಹೆಸರಿಡುತ್ತೀರಿ ಎಂದು ಕೇಳುತ್ತದೆ. ಹೆಸರು ಕೊಟ್ಟ ಮೇಲೆ ಬಳಕೆದಾರ ಹೆಸರು ಕೇಳುತ್ತದೆ. ಅದು 'ಬಾಟ್' ಎಂದೇ ಮುಗಿಯಬೇಕೆಂಬುದು ನಿಯಮ. ಅಷ್ಟಾದರೆ ಮೊದಲು ಅಂಕಿಗಳು, ನಡುವೆ ಮೇಲೊಂದು ಕೆಳಗೊಂದು ಚುಕ್ಕಿ, ಮುಂದೆ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲು ಬರುತ್ತದೆ. ಅದೇ ಟೋಕನ್. ಅದನ್ನು ಪೈಥಾನ್‌ನಲ್ಲಿ ಬರೆದ ನಾಲ್ಕು ಸಾಲಿನ ಪ್ರೋಗ್ರಾಮಿನಲ್ಲಿ ಇಟ್ಟರೆ ಬಾಟ್ ಮಾತನಾಡತೊಡಗುತ್ತದೆ. ಪ್ರಶ್ನೆಗಳನ್ನು ಗೂಗಲ್ ಶೀಟಿನಲ್ಲಿ ಸಾಲಾಗಿ ತುಂಬಿಟ್ಟರೆ ದಿನಕ್ಕೆ ಹತ್ತರಂತೆ ಅದೇ ತೆಗೆದು ಕಳಿಸುತ್ತದೆ. ಅರ್ಜಿ ಇಲ್ಲ, ಶುಲ್ಕ ಇಲ್ಲ, ಆಧಾರ್ ಝೆರಾಕ್ಸ್ ಇಲ್ಲ. ನಮ್ಮ ತಹಶೀಲ್ದಾರ್ ಕಚೇರಿಯಲ್ಲಿ ಉತಾರ ತೆಗೆಸಿದವರಿಗೆ ಇದನ್ನು ನಂಬುವುದು ಸ್ವಲ್ಪ ಕಷ್ಟ.

ಒಂದು ಪ್ರೋಗ್ರಾಮು ಇನ್ನೊಂದು ಪ್ರೋಗ್ರಾಮನ್ನು ಕೇಳಿ ಉತ್ತರ ಪಡೆಯುವುದಕ್ಕೆ ಮಾಡಿಕೊಂಡ ಈ ಏರ್ಪಾಡಿಗೆ ಎಪಿಐ ಎನ್ನುತ್ತಾರೆ. ಟೆಲಿಗ್ರಾಂ ಶುರುವಾದದ್ದು 2013ರ ಆಗಸ್ಟ್‌ನಲ್ಲಿ. 2015ರ ಜೂನ್‌ನಲ್ಲಿ ಬಾಟ್‌ಗಳಿಗೆ ಅದು ಬಾಗಿಲು ತೆರೆಯಿತು. 2020ರ ಜನವರಿಯಲ್ಲಿ ಕ್ವಿಜ್ ಸೌಲಭ್ಯ ಬಂತು. ನಮ್ಮ ಕಡೆ ಟೆಲಿಗ್ರಾಂ ಹಬ್ಬಿದ್ದು ಜಾಹೀರಾತು ನೋಡಿಯಲ್ಲ. ಪಿಡಿಎಫ್‌ಗಾಗಿ, ಹಳೇ ಪ್ರಶ್ನೆಪತ್ರಿಕೆಗಾಗಿ, ಬೆಳಗಿನ ಕ್ವಿಜ್‌ಗಾಗಿ ಹಬ್ಬಿತು. ಇವ್ಯಾವುದನ್ನೂ ಕಂಪನಿ ಮಾಡಲಿಲ್ಲ. ಮಾಡಿದವರಿಗೆ ಸಂಬಳವನ್ನೂ ಕೊಡಲಿಲ್ಲ.

ಬಾಗಿಲು ಹೀಗೆ ಹಾರುಹೊಡೆದರೆ ಕಳ್ಳರೂ ಒಳಬರುತ್ತಾರೆ ಎಂಬುದನ್ನು ಇಲ್ಲೇ ಹೇಳಿಬಿಡುವೆ. ದುಡ್ಡು ಕೊಟ್ಟು ಓದಬೇಕಾದ ನೋಟ್ಸು, ದಿನಪತ್ರಿಕೆಗಳ ಇ-ಪೇಪರ್ ಎಲ್ಲ ಟೆಲಿಗ್ರಾಂನಲ್ಲಿ ಬಿಟ್ಟಿ ಹರಿದಾಡುತ್ತವೆ. ಹಿಂದಿ ಪತ್ರಿಕೆ ದೈನಿಕ್ ಜಾಗರಣ್ ಇದರ ವಿರುದ್ಧ 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಕೋಚಿಂಗ್ ಶಿಕ್ಷಕಿಯೊಬ್ಬರ ಪಾಠಗಳನ್ನು ಹಂಚಿದ ಚಾನೆಲ್‌ಗಳ ಪ್ರಕರಣದಲ್ಲಿ ಅದೇ ಹೈಕೋರ್ಟಿನ ಆದೇಶದಂತೆ ಟೆಲಿಗ್ರಾಂ 2022ರಲ್ಲಿ ಚಾನೆಲ್ ನಡೆಸಿದವರ ವಿವರ ಒಪ್ಪಿಸಬೇಕಾಯಿತು. ಸಪ್ತಾಪುರದ ಕೋಣೆಗಳಲ್ಲಿ ಈ ಸುದ್ದಿಯನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ.

ಹೊರಗಿನವರಿಂದ ಬೆಳೆಯುವ ಈ ಹಿಕಮತ್ತನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿ ತೋರಿಸಿದ್ದು ಫೇಸ್‌ಬುಕ್. 2007ರ ಮೇ 24ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾರ್ಕ್ ಝುಕರ್‌ಬರ್ಗ್ 'ಫೇಸ್‌ಬುಕ್ ಪ್ಲಾಟ್‌ಫಾರ್ಮ್' ಘೋಷಿಸಿದರು. ಯಾರು ಬೇಕಾದರೂ ಫೇಸ್‌ಬುಕ್ ಒಳಗೆ ಓಡುವ ಆ್ಯಪ್ ಮಾಡಬಹುದು, ಜನರ ಗೆಳೆಯರ ಪಟ್ಟಿಯನ್ನು ಬಳಸಬಹುದು, ಜಾಹೀರಾತು ಹಾಕಿ ಗಳಿಸಿದ್ದನ್ನು ತಾವೇ ಇಟ್ಟುಕೊಳ್ಳಬಹುದು. ಆಗ ಅದರ ಬಳಕೆದಾರರು ಸುಮಾರು 2.4 ಕೋಟಿ. ಮರುವರ್ಷದ ಆಗಸ್ಟ್ ಹೊತ್ತಿಗೆ 10 ಕೋಟಿ. ಎಲ್ಲವೂ ಆ್ಯಪ್‌ಗಳಿಂದಲೇ ಆಯಿತೆಂದಲ್ಲ. 2006ರ ಸೆಪ್ಟೆಂಬರ್‌ನಿಂದಲೇ ಫೇಸ್‌ಬುಕ್ ಕಾಲೇಜು ದಾಟಿ ಎಲ್ಲರಿಗೂ ತೆರೆದುಕೊಂಡಿತ್ತು. ಆದರೆ ಒಳಬಂದವರು ಅಲ್ಲೇ ಗಂಟೆಗಟ್ಟಲೆ ಕೂರುವಂತೆ ಮಾಡಿದ್ದು ಹೊರಗಿನವರ ಕೈಚಳಕ. ಸಂಗೀತದ ಐಲೈಕ್ ಎಂಬ ಆ್ಯಪ್‌ಗೆ ಕೆಲವೇ ದಿನಗಳಲ್ಲಿ ಎಷ್ಟು ಜನ ಮುಗಿಬಿದ್ದರೆಂದರೆ, ಅದನ್ನು ಮಾಡಿದವರು ಸರ್ವರ್ ಸಾಲದೆ ಬೇರೆ ಕಂಪನಿಗಳ ಬಾಗಿಲಿಗೆ ಕಡ ಕೇಳಲು ಓಡಿದರು.

ಆಗಿನ ದೊಡ್ಡ ತಾಣ ಮೈಸ್ಪೇಸ್ ಹೊರಗಿನವರನ್ನು ಅನುಮಾನದಿಂದಲೇ ನೋಡಿತು. ತನ್ನಲ್ಲಿ ಹಬ್ಬಿದ್ದ ಫೋಟೊಬಕೆಟ್ ಎಂಬ ಹೊರಗಿನ ತಾಣದ ವಿಡಿಯೊಗಳನ್ನು 2007ರಲ್ಲಿ ತಡೆಯಿತು. 2005ರಲ್ಲಿ 58 ಕೋಟಿ ಡಾಲರಿಗೆ ಮಾರಾಟವಾಗಿದ್ದ ಮೈಸ್ಪೇಸ್ 2011ರಲ್ಲಿ ಕೈಬದಲಾಯಿಸಿದ್ದು ಸುಮಾರು 3.5 ಕೋಟಿ ಡಾಲರಿಗೆ.

ಇನ್ನು ಫಾರ್ಮ್‌ವಿಲ್. ಝಿಂಗಾ ಕಂಪನಿ 2009ರ ಜೂನ್‌ನಲ್ಲಿ ಫೇಸ್‌ಬುಕ್ ಒಳಗೆ ಇಳಿಸಿದ ಒಕ್ಕಲುತನದ ಆಟ ಅದು. 2010ರ ಆರಂಭಕ್ಕೆ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಅದರಲ್ಲಿ ಉಳುತ್ತಿದ್ದರು, ಬಿತ್ತುತ್ತಿದ್ದರು. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಮಧ್ಯಾಹ್ನದ ಊಟ ಬಿಟ್ಟು ಕುಂಬಳಕಾಯಿ ಕೊಯ್ದವರುಂಟು. ಸ್ಟ್ರಾಬೆರಿ ನಾಲ್ಕು ತಾಸಿಗೆ ಕೊಯ್ಲಿಗೆ ಬರುತ್ತಿತ್ತು. ಹೊತ್ತು ಮೀರಿದರೆ ಒಣಗಿ ಹೋಗುತ್ತಿತ್ತು. ನೆರೆಯವರು ಬಂದು ಗೊಬ್ಬರ ಹಾಕಲಿ ಎಂದು ಗೆಳೆಯರಿಗೆಲ್ಲ ಕರೆ ಹೋಗುತ್ತಿತ್ತು, ಹಾಗೆ ಕರೆ ಹೋದ ಗೆಳೆಯ ಫೇಸ್‌ಬುಕ್‌ಗೆ ಮತ್ತೆ ಮತ್ತೆ ಬರುತ್ತಿದ್ದ. ಈ ಆಟದ ಕತೆಯನ್ನು ನವಲಗುಂದದ ಹಿರಿಯ ರೈತರೊಬ್ಬರಿಗೆ ಹೇಳಿದಾಗ ಅವರು ಎಲೆಯಡಿಕೆ ಒಂದು ಕಡೆಗೆ ಸರಿಸಿಕೊಂಡು, "ನಾಲ್ಕ ತಾಸಿಗೆ ಬೆಳಿ ಬರ್ತೈತಿ ಅಂದ್ರ ನಮ್ಮ ಕಡ್ಲಿನೂ ಅಲ್ಲೇ ಬಿತ್ತಿ ಬರೂಣ ಬಿಡ್ರಿ, ಇಲ್ಲಿ ಇಬ್ಬನಿ ಕಾಯೂದು ತಪ್ಪತೈತಿ" ಎಂದರು.

ಆಮೇಲೆ ನಡೆದದ್ದು ಅವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುವಂಥದು. ಲಾವಣಿಗೆ ಹಿಡಿದ ಎರೆ ಹೊಲ ಹೇಗಿರುತ್ತದೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ವರ್ಷದ ಮಾತು, ಎಕರೆಗೆ ಇಷ್ಟು ರೊಕ್ಕ. ಹಿಡಿದವನು ಕರಿಕೆ ತೆಗೆದು, ಗೊಬ್ಬರ ಹೊಡೆದು ಹೊಲವನ್ನು ಹದಕ್ಕೆ ತಂದ ಮೇಲೆ ಮಾಲೀಕನಿಗೆ ಆಸೆ ಹುಟ್ಟುತ್ತದೆ. ಒಂದೋ ಮುಂದಿನ ಸಲ ರೊಕ್ಕ ಏರಿಸುತ್ತಾನೆ, ಇಲ್ಲವೇ "ಈ ವರ್ಷದಿಂದ ನಾವ ಮಾಡ್ಕೋತೀವಿ" ಎನ್ನುತ್ತಾನೆ. ಅದಕ್ಕೇ ತಿಳಿದವನು ಲಾವಣಿ ಹೊಲಕ್ಕೆ ಒಡ್ಡು ಹಾಕಿಸುವುದಿಲ್ಲ, ಕೃಷಿಹೊಂಡ ತೆಗೆಸುವುದಿಲ್ಲ.

ಫೇಸ್‌ಬುಕ್ 2010ರಲ್ಲಿ ಆ್ಯಪ್‌ಗಳು ಕಳಿಸುವ ಸೂಚನೆಗಳನ್ನು ಬಿಗಿ ಮಾಡಿತು. ಗೆಳೆಯರ ಪುಟವೆಲ್ಲ ಕಳೆದುಹೋದ ಹಸು, ಗೊಬ್ಬರ ಕೇಳುವ ಬೆಳೆಗಳಿಂದಲೇ ತುಂಬಿ ಜನ ರೋಸಿಹೋಗಿದ್ದರಿಂದ ಅದಕ್ಕೆ ನ್ಯಾಯವಾದ ಕಾರಣವೂ ಇತ್ತು. ಆದರೆ 2011ರ ಜುಲೈನಿಂದ ಆಟಗಳೆಲ್ಲ ಫೇಸ್‌ಬುಕ್ ಕ್ರೆಡಿಟ್ಸ್ ಮೂಲಕವೇ ಹಣ ಪಡೆಯಬೇಕು, ಅದರಲ್ಲಿ ಶೇ 30 ತನಗೆ ಎಂದು ವಿಧಿಸಿದ್ದು ಶುದ್ಧ ಮಾಲೀಕತನ. ಆ ವರ್ಷ ಫೇಸ್‌ಬುಕ್‌ನ ಆದಾಯದಲ್ಲಿ ಶೇ 12ರಷ್ಟು ಝಿಂಗಾ ಒಂದರಿಂದಲೇ ಬಂದಿತ್ತು. ಷೇರು ಮಾರುಕಟ್ಟೆಗೆ ಇಳಿಯುವ ಮುಂಚೆ ಫೇಸ್‌ಬುಕ್ಕೇ ಸಲ್ಲಿಸಿದ ದಾಖಲೆಯಲ್ಲಿ ಈ ಲೆಕ್ಕವಿದೆ. ಜನ ಮೊಬೈಲಿಗೆ ಸರಿದ ಮೇಲೆ ಫಾರ್ಮ್‌ವಿಲ್ ಸೊರಗಿತು. ಫ್ಲ್ಯಾಶ್ ತಂತ್ರಜ್ಞಾನಕ್ಕೆ ಬೆಂಬಲ ನಿಂತ ದಿನವೇ, 2020ರ ಡಿಸೆಂಬರ್ 31ರಂದು, ಮೂಲ ಆಟ ಮುಚ್ಚಿಹೋಯಿತು.

ಟ್ವಿಟರ್ ಕತೆ ಇದಕ್ಕಿಂತ ಕಟು. ಅದು 2006ರಲ್ಲೇ ಎಪಿಐ ತೆರೆದಿಟ್ಟಿತು. ಟ್ವಿಟರ್ ಎಂದೊಡನೆ ಕಣ್ಣಿಗೆ ಬರುವ ಹಕ್ಕಿ ಮೊದಲು ಹಾರಿದ್ದು ಟ್ವಿಟರಿಫಿಕ್ ಎಂಬ ಹೊರಗಿನವರ ಆ್ಯಪ್‌ನಲ್ಲಿ. ಹ್ಯಾಷ್‌ಟ್ಯಾಗ್ ಕಲ್ಪನೆ ಕೊಟ್ಟದ್ದು ಕ್ರಿಸ್ ಮೆಸಿನಾ ಎಂಬ ಬಳಕೆದಾರ, 2007ರ ಆಗಸ್ಟ್‌ನಲ್ಲಿ. ನವಲಗುಂದ ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತ ಮನುಷ್ಯ ಹೆಬ್ಬೆರಳಿನಿಂದ ಪರದೆಯನ್ನು ಕೆಳಗೆ ಎಳೆದು ಬಿಟ್ಟು, ಹೊಸದೇನು ಬಂತೆಂದು ನೋಡುತ್ತಾನಲ್ಲ, ಆ ಎಳೆತವನ್ನು ಮೊದಲು ತಂದವರು ಲೊರೆನ್ ಬ್ರಿಕ್ಟರ್. ಅವರು ಟ್ವಿಟರ್ ನೌಕರರಾಗಿರಲಿಲ್ಲ, ಟ್ವಿಟರ್ ಓದಲೆಂದು ಟ್ವೀಟಿ ಎಂಬ ಆ್ಯಪ್ ಮಾಡಿದ್ದರು. 2010ರಲ್ಲಿ ಟ್ವಿಟರ್ ಅದನ್ನು ಕೊಂಡು ತನ್ನ ಸ್ವಂತ ಆ್ಯಪ್ ಮಾಡಿಕೊಂಡಿತು. ಸ್ವಂತದ್ದು ಬಂದ ಮೇಲೆ ಉಳಿದವರು ಯಾಕೆ? 2012ರಲ್ಲಿ ಹೊರಗಿನ ಹೊಸ ಆ್ಯಪ್‌ಗಳಿಗೆ ಒಂದು ಲಕ್ಷ ಬಳಕೆದಾರರ ಮಿತಿ ಬಂತು. ಇಲಾನ್ ಮಸ್ಕ್ ಕೊಂಡ ಮೇಲೆ 2023ರ ಜನವರಿಯಲ್ಲಿ ಅಂಥ ಆ್ಯಪ್‌ಗಳು ಮುನ್ಸೂಚನೆಯೇ ಇಲ್ಲದೆ ನಿಂತುಹೋದವು; ಹಕ್ಕಿ ಕೊಟ್ಟ ಟ್ವಿಟರಿಫಿಕ್ ಕೂಡ ಅದರಲ್ಲೇ ಹೋಯಿತು. ಅದೇ ವರ್ಷ ರೆಡಿಟ್ ಎಂಬ ಚರ್ಚಾತಾಣ ತನ್ನ ಎಪಿಐಗೆ ದರ ಕಟ್ಟಿದಾಗ ಅದನ್ನು ಓದಲೆಂದಿದ್ದ ಅಪೊಲೊ ಎಂಬ ಜನಪ್ರಿಯ ಆ್ಯಪ್ ಜೂನ್ 30ಕ್ಕೆ ಬಾಗಿಲು ಹಾಕಿತು.

ಹಾಗೆಂದು ಬಾಗಿಲು ಸದಾ ತೆರೆದೇ ಇರಲಿ ಎನ್ನಲೂ ಆಗುವುದಿಲ್ಲ. ಫೇಸ್‌ಬುಕ್ ಕೊಟ್ಟ ಸಲಿಗೆಯಲ್ಲೇ ಬಂತು ಕೇಂಬ್ರಿಜ್ ಅನಾಲಿಟಿಕಾ ಹಗರಣ. ವ್ಯಕ್ತಿತ್ವ ಪರೀಕ್ಷೆಯ ಒಂದು ಆ್ಯಪ್ ಅದನ್ನು ಹಾಕಿಕೊಂಡವರ ಮಾಹಿತಿಯ ಜತೆಗೆ ಅವರ ಗೆಳೆಯರದ್ದನ್ನೂ ಬಾಚಿಕೊಂಡಿತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಜನ. ಮಾಹಿತಿ ಸೋರಿರಬಹುದಾದವರು 5,62,455 ಜನ. ಫೇಸ್‌ಬುಕ್ 2018ರ ಏಪ್ರಿಲ್‌ನಲ್ಲಿ ತಾನೇ ಹೇಳಿದ ಲೆಕ್ಕ ಇದು. ತಾನು ಬೆಳೆಯಲೆಂದು ಅದು ಹೊರಗಿನವರಿಗೆ ಕೊಟ್ಟದ್ದು ತನ್ನ ಆಸ್ತಿಯಲ್ಲ, ನಮ್ಮದು.

ನಮ್ಮ ಹಳ್ಳಿಗಳ ಮಟ್ಟಿಗೆ ಜಾಲತಾಣವೆಂದರೆ ಮೊದಲು ವಾಟ್ಸ್‌ಆ್ಯಪ್. ತಾಣಗಳು ಹೊರಗಿನವರಿಂದ ಬೆಳೆಯುತ್ತವೆ ಎಂಬ ಈ ಲೇಖನದ ವಾದಕ್ಕೆ ಅಡ್ಡ ನಿಲ್ಲುವುದೂ ಅದೇ. 2009ರಲ್ಲಿ ಹುಟ್ಟಿ, 2014ರಲ್ಲಿ 1,900 ಕೋಟಿ ಡಾಲರಿಗೆ ಫೇಸ್‌ಬುಕ್ ಪಾಲಾದ ಅದು ಹೊರಗಿನ ಡೆವಲಪರ್‌ಗಳಿಗೆ ಕಿಟಕಿಯನ್ನೂ ತೆರೆಯದೆ ಬೆಳೆಯಿತು. ಫೋನಿನಲ್ಲಿದ್ದ ನಂಬರುಗಳ ಪಟ್ಟಿಯೇ ಅದಕ್ಕೆ ಸಾಕಾಯಿತು. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ಅಡಿ ನೀರು ಕೇಳಿದ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಿರಸ್ಕರಿಸಿ, ನವಲಗುಂದದಲ್ಲಿ ಗಲಭೆಯಾಗಿ, ಯಮನೂರಿನಲ್ಲಿ ಪೊಲೀಸರು ಜನರನ್ನು ಹೊಡೆದ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದಾಗ ಯಾವ ಬಾಟ್ ಕೂಡ ಇರಲಿಲ್ಲ.

ವಾಟ್ಸ್‌ಆ್ಯಪ್ ಬಾಗಿಲು ತೆರೆದದ್ದು 2018ರ ಆಗಸ್ಟ್‌ನಲ್ಲಿ, ಜನ ಎಲ್ಲ ಸೇರಿದ ಮೇಲೆ. ಜನ ಕೂಡಿಸುವುದಕ್ಕಲ್ಲ, ಬಾಡಿಗೆ ಎತ್ತುವುದಕ್ಕೆ. ದೊಡ್ಡ ಸಂಸ್ಥೆಗಳು ಎಪಿಐ ಮೂಲಕ ಗಿರಾಕಿಗಳೊಡನೆ ಮಾತನಾಡಬಹುದು, ಅದಕ್ಕೆ ದರ ಕೊಡಬೇಕು. ಇದರ ಮೇಲೆ ದೇಶದಲ್ಲಿ ಒಂದು ಉದ್ಯಮವೇ ಎದ್ದಿತು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಕೊರೊನಾ ಸಹಾಯವಾಣಿ ಬಾಟ್ ಮಾಡಿಕೊಟ್ಟದ್ದು ಮುಂಬೈನ ಹ್ಯಾಪ್ಟಿಕ್. 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, 'ನಮ್ಮ ಮೆಟ್ರೊ' ವಾಟ್ಸ್‌ಆ್ಯಪ್‌ನಲ್ಲಿ ಟಿಕೆಟ್ ಕೊಡಲು ಶುರುಮಾಡಿತು. ಅದರ ಬಾಟ್ ಹಿಂದಿದ್ದದ್ದು ಬೆಂಗಳೂರಿನ ಯೆಲ್ಲೊ ಎಐ. ಟಿಕೆಟಿಗೆ ಚಿಲ್ಲರೆ ಹುಡುಕುವ ಗೋಜಿಲ್ಲದ ಆ ಅನುಕೂಲ ನಿಜಕ್ಕೂ ದೊಡ್ಡದು.

ಆದರೆ ಅಣ್ಣಿಗೇರಿಯ ದಲಾಲಿ ಅಂಗಡಿಗೆ ಬನ್ನಿ. ಇಲ್ಲಿ ವ್ಯಾಪಾರ ಮುಗಿದ ಮೇಲೆ ಗುಮಾಸ್ತ ಮೊಬೈಲ್ ತೆಗೆದು ಒಂದೊಂದೇ ಸಾಲು ಟೈಪ್ ಮಾಡುತ್ತಾನೆ: ಕಡಲೆ ಇಷ್ಟರಿಂದ ಇಷ್ಟು, ಹೆಸರು ಇಷ್ಟರಿಂದ ಇಷ್ಟು, ಹತ್ತಿ, ಒಣ ಮೆಣಸಿನಕಾಯಿ. ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನ ಮಾತ್ರ. ಅದೂ ಅಂಗಡಿಯ ನಂಬರನ್ನು ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಎಪಿಐ ಹಿಡಿಯಬೇಕೆಂದರೆ ವ್ಯವಹಾರದ ದಾಖಲೆ ಪರಿಶೀಲನೆ ಆಗಬೇಕು, ತಾನಾಗಿ ಕಳಿಸುವ ಸಂದೇಶದ ನಮೂನೆಗೆ ಮುಂಚೆಯೇ ಒಪ್ಪಿಗೆ ಬೇಕು, ಹಣ ಕಟ್ಟಬೇಕು. ಇಂಥ ಸಣ್ಣ ಅಂಗಡಿಗೆ ಇದು ಹೊಂದುವ ಮಾತಲ್ಲ. ಅಡ್ಡದಾರಿಯ ತಂತ್ರಾಂಶ ಹಾಕಿ ಸಾವಿರ ಜನಕ್ಕೆ ಒಮ್ಮೆಗೇ ಕಳಿಸಲು ಹೋದವರ ನಂಬರೇ ಬಂದ್ ಆಗುತ್ತದೆ. ನವಲಗುಂದದ ಜಮಖಾನ ನೇಯುವ ಹೆಣ್ಣುಮಕ್ಕಳಿಗೆ, ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರಿಗೆ ಒಗ್ಗುವುದು ಪುಕ್ಕಟೆ ಸಿಗುವ ಬಿಸಿನೆಸ್ ಆ್ಯಪ್‌ನ ಕ್ಯಾಟಲಾಗ್ ಒಂದೇ. ಪಗಡೆ ಹಾಸಿನ ಜಮಖಾನದ ಫೋಟೊ, ಅಳತೆ, ಬೆಲೆ ಹಾಕಿಟ್ಟರೆ ಪುಣೆಯವರೂ ಕೇಳುತ್ತಾರೆ. ಅದು ಬಳಕೆದಾರರಿಗೆ ಕೊಟ್ಟ ಸೌಲಭ್ಯ. ಅದರ ಮೇಲೆ ಮತ್ತೊಬ್ಬರು ಏನನ್ನೂ ಕಟ್ಟಲಾಗದು.

ಎಪಿಐ ಹಿಡಿದವರಿಗೂ ನೆಮ್ಮದಿಯಿಲ್ಲ. 2025ರ ಅಕ್ಟೋಬರ್‌ನಲ್ಲಿ ವಾಟ್ಸ್‌ಆ್ಯಪ್ ನಿಯಮ ಬದಲಿಸಿತು. ಏನು ಕೇಳಿದರೂ ಉತ್ತರಿಸುವ ಎಐ ಬಾಟ್‌ಗಳಿಗೆ 2026ರ ಜನವರಿ 15ರಿಂದ ಜಾಗವಿಲ್ಲ ಎಂದು ಸಾರಿತು. ಮೆಟಾ ಎಂದು ಹೆಸರು ಬದಲಿಸಿಕೊಂಡ ಫೇಸ್‌ಬುಕ್ ಕಂಪನಿಯ ಸ್ವಂತ ಎಐ ಮಾತ್ರ ಅಲ್ಲೇ ಇತ್ತು. ಟ್ವೀಟಿ ಕತೆ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ.

ನಮ್ಮದೇ ಒಂದು ತಾಣವಿದ್ದರೆ ಎಂದು ಕೇಳುವವರಿಗೆ ಕೂ ನೆನಪಿರಬಹುದು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವಟ್ಕ ಬೆಂಗಳೂರಿನಲ್ಲಿ ಕಟ್ಟಿದ ಅದು 2020ರಲ್ಲಿ ಮೊದಲು ಬಂದದ್ದೇ ಕನ್ನಡದಲ್ಲಿ. ಮಂತ್ರಿಗಳು ಬಂದರು, ಸಿನಿಮಾದವರು ಬಂದರು, ಒಂದು ಹಂತದಲ್ಲಿ ದಿನಕ್ಕೆ 21 ಲಕ್ಷ ಜನ ಬರುತ್ತಿದ್ದರೆಂದು ಸ್ಥಾಪಕರೇ ಹೇಳಿದ್ದಾರೆ. ಬಂಡವಾಳ ನಿಂತಿತು, ಕೊಳ್ಳುವವರ ಜತೆ ಮಾತು ಮುರಿಯಿತು, 2024ರ ಜುಲೈನಲ್ಲಿ ಮುಚ್ಚಿತು. ಹಣವೇ ಮುಖ್ಯ ಕಾರಣ, ಒಪ್ಪೋಣ. ಆದರೂ ಮೊರಬದ ಹುಡುಗನಿಗೆ ಬೆಳಿಗ್ಗೆ ಆರಕ್ಕೆ ಅದನ್ನು ತೆರೆಯಲು ಕಾರಣವಾಗುವಂಥದ್ದನ್ನು ಅದರ ಮೇಲೆ ಕಟ್ಟುವ ಬಳಗ ಹುಟ್ಟಲಿಲ್ಲ ಎಂಬುದು ನನ್ನ ಎಣಿಕೆ. ದೊಡ್ಡವರು ಬಂದರೆ ಜನ ಒಮ್ಮೆ ಬಂದು ನೋಡಿ ಹೋಗುತ್ತಾರೆ, ಕೆಲಸವಿದ್ದರೆ ದಿನಾ ಬರುತ್ತಾರೆ.

ತೆರೆದ ಏರ್ಪಾಡು ಯಾರೊಬ್ಬರ ಖಾಸಗಿ ಸ್ವತ್ತಾಗದೆ ಇರುವುದೂ ಸಾಧ್ಯ. ಯುಪಿಐ ಜಾಲತಾಣವಲ್ಲ ನಿಜ, ಆದರೆ 2016ರಲ್ಲಿ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದನ್ನು ತೆರೆದಿಟ್ಟ ಬಗೆ ನೋಡಿ. ಫೋನ್‌ಪೆ, ಗೂಗಲ್ ಪೇ ಎಲ್ಲ ಅದರ ಮೇಲೆ ಕಟ್ಟಿದ ಹೊರಗಿನವರೇ. ಕುಂದಗೋಳದ ಮಿರ್ಚಿ ಬಜಿ ಗಾಡಿಯ ಮೇಲಿನ ಕ್ಯುಆರ್ ಯಾವ ಕಂಪನಿಯದ್ದಾದರೂ ಗಿರಾಕಿ ಯಾವ ಆ್ಯಪ್‌ನಿಂದ ಬೇಕಾದರೂ ಕೊಡಬಹುದು. ಒಂದು ಆ್ಯಪ್ ನಾಳೆ ಮುಚ್ಚಿದರೆ ಇನ್ನೊಂದು ಹಾಕಿಕೊಂಡರಾಯಿತು, ಖಾತೆಯ ರೊಕ್ಕ ಬ್ಯಾಂಕಿನಲ್ಲೇ ಇರುತ್ತದೆ.

ಅಣ್ಣಿಗೇರಿಯಲ್ಲಿ ಬಿಸಿಎ ಮುಗಿಸಿ ಇಂಥದೊಂದು ಕ್ವಿಜ್ ಬಾಟ್ ನಡೆಸುವ ಹುಡುಗನೊಬ್ಬನ ಜತೆ ಇದನ್ನೆಲ್ಲ ಮಾತಾಡುತ್ತ, "ತಮ್ಮಾ, ಮತ್ತ ಟೆಲಿಗ್ರಾಂನೂ ನಾಳೆ ಬಾಗಲಾ ಹಾಕಿದ್ರ?" ಎಂದೆ. ಅವನು, "ಹಾಕ್ಲಿ ಬಿಡ್ರಿ ಸರ, ಪ್ರಶ್ನೆ ಎಲ್ಲಾ ನನ್ನ ಶೀಟಿನ್ಯಾಗ ಅದಾವ. ಬಾಟ್ ಇನ್ನೊಂದ ಕಡೆ ಮಾಡಬಹುದು. ಮಂದಿನ್ನ ಹ್ಯಾಂಗ ಕರ್ಕೊಂಡ ಹೋಗೂದು ಅನ್ನೂದ ಚಿಂತಿ" ಎಂದ. ಪೇಚಿರುವುದೇ ಅಲ್ಲಿ. ಬಾಟ್‌ಗೆ ಬಂದವರ ಫೋನ್ ನಂಬರು, ಅವರೇ ಕೊಟ್ಟ ಹೊರತು, ಬಾಟ್ ಮಾಡಿದವನಿಗೆ ಸಿಗುವುದಿಲ್ಲ. ಬಳಕೆದಾರನ ದೃಷ್ಟಿಯಿಂದ ಅದು ಸರಿಯೇ. ಆದ್ದರಿಂದ ಇಂಥ ಕೆಲಸಕ್ಕೆ ಕೈಹಾಕುವ ಹುಡುಗ ಹುಡುಗಿಯರು ಮೊದಲ ದಿನವೇ ಸ್ವಂತದ ಒಂದು ವೆಬ್ ವಿಳಾಸ ಹಿಡಿದು, ಬಾಟ್‌ನ ಪ್ರತಿ ಉತ್ತರದ ಕೆಳಗೆ ಅದನ್ನು ನಮೂದಿಸುವುದು ಒಳ್ಳೆಯದು. ಬಾಗಿಲು ಮುಚ್ಚಿದ ದಿನ ಜನ ಎಲ್ಲಿಗೆ ಬರಬೇಕೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಇನ್ನೊಂದು ಮಾತು ಸರ್ಕಾರಕ್ಕೆ. ಕೇಂದ್ರದ ಮುಕ್ತ ದತ್ತಾಂಶ ತಾಣದಲ್ಲಿ ದೇಶದ ಮಾರುಕಟ್ಟೆಗಳ ದಿನದ ಧಾರಣೆ ಎಪಿಐ ಮೂಲಕ ಉಚಿತವಾಗಿ ಸಿಗುತ್ತದೆ. ಅದನ್ನು ಟೆಲಿಗ್ರಾಂ ಬಾಟ್‌ಗೆ ಜೋಡಿಸಿದರೆ ದಲಾಲಿ ಅಂಗಡಿಯ ಗುಮಾಸ್ತ ಟೈಪ್ ಮಾಡುವುದನ್ನು ಕಾಯದೆ ರೈತ ಹೊಲದಲ್ಲೇ ದರ ನೋಡಬಹುದು. ಆದರೆ ಅಲ್ಲಿ ಊರು, ಬೆಳೆಗಳ ಹೆಸರೆಲ್ಲ ಇಂಗ್ಲಿಷ್‌ನಲ್ಲಿವೆ. ರಾಜ್ಯದ ಕೃಷಿ ಮಾರಾಟ ಇಲಾಖೆ ಅಣ್ಣಿಗೇರಿ, ಹುಬ್ಬಳ್ಳಿಯ ಅಮರಗೋಳ, ಕುಂದಗೋಳ, ಕಲಘಟಗಿಯ ಧಾರಣೆಯನ್ನು ಕನ್ನಡದ ಹೆಸರುಗಳೊಂದಿಗೆ, ವ್ಯಾಪಾರ ಮುಗಿದ ತಾಸಿನೊಳಗೆ, ಯಾರು ಬೇಕಾದರೂ ಬಳಸುವ ಎಪಿಐಯಾಗಿ ಕೊಡಲಿ. ಅದರ ಮೇಲೆ ಬಾಟ್ ಮಾಡುವುದಕ್ಕೆ ಅಣ್ಣಿಗೇರಿಯ ಹುಡುಗರು ಟೆಂಡರ್ ಕರೆಯಿರಿ ಎನ್ನುವುದಿಲ್ಲ, ಅವರೇ ಮಾಡಿಕೊಳ್ಳುತ್ತಾರೆ.